ನಿಲ್ಲದ ಮನಸ್ಸಿನ ದೇವೀರಿ

ಹೊಳೆಯ ದಡದಲ್ಲಿ ಒಂದು ಆಶ್ರಮ. ಆಶ್ರಮ ಅಂದರೆ ದೊಡ್ಡದೇನಲ್ಲ, ಎರಡು ಹುಲ್ಲಿನ ಗುಡಿಸಲು, ಉದ್ದಕ್ಕೊಂದು ಜಗಲಿ, ಸುತ್ತ ಮದ್ದಿನ ಗಿಡಗಳು.

ಅಲ್ಲಿ ಮದ್ದು ಕೊಡುವ ತಾಯಿಯ ಹೆಸರು ಹೊನ್ನಾಜಮ್ಮ. ಆದರೆ ಆ ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವರು ಅವ್ವಾರು. ಅವರ ಹತ್ತಿರ ಮದ್ದಿನ ವಿದ್ಯೆ ಕಲಿಯುವ ಹೆಣ್ಣುಮಕ್ಕಳು ಐದಾರು ಮಂದಿ ಇದ್ದರು.

ಒಂದು ದಿನ ಒಬ್ಬ ಅಪ್ಪ ಒಂಬತ್ತು ವರ್ಷದ ಮಗಳ ರಟ್ಟೆ ಹಿಡಿದು ಎಳೆದುಕೊಂಡು ಬಂದ.

“ಅವ್ವಾರೇ, ಇವಳು ದೇವೀರಿ. ಕೂತಲ್ಲಿ ಕೂರಲ್ಲ, ನಿಂತಲ್ಲಿ ನಿಲ್ಲಲ್ಲ. ನೀರು ತಾ ಅಂದ್ರೆ ಕೊಡ ತಗೊಂಡು ಹೋಗ್ತಾಳೆ. ಸಂಜೆಗೆ ನೀರೂ ಇಲ್ಲ, ಕೊಡವೂ ಇಲ್ಲ, ಇವಳೊಬ್ಬಳೇ ಬರ್ತಾಳೆ. ಬೇರೋ ನಾರೋ ಏನಾದ್ರೂ ಇದ್ರೆ ಅರೆದು ಕುಡಿಸಿ.”

ಅವ್ವಾರು ಹುಡುಗಿಯನ್ನು ನೋಡಿದರು. ಹುಡುಗಿ ಇವರನ್ನು ನೋಡುತ್ತಿರಲಿಲ್ಲ. ಸೂರಿನ ಕೆಳಗೆ ಕಣಜವೊಂದು ಗೂಡು ಮೆತ್ತುತ್ತಿತ್ತು. ಕಣ್ಣೆಲ್ಲ ಅಲ್ಲೇ.

“ಏನೇ ಕಾಣ್ತಿದೆ ಅಲ್ಲಿ?”

“ಅದು ಏಳು ಸಲ ಮಣ್ಣು ತಂತು. ಎಂಟನೇ ಸಲ ಹಸಿರು ಹುಳ ತಂತು.”

ಅಪ್ಪ ಹಣೆ ಚಚ್ಚಿಕೊಂಡ. “ಕಂಡ್ರಾ? ಗಮನ ಅನ್ನೋದೇ ಇಲ್ಲ ಈ ಮುಂಡೇದಕ್ಕೆ!”

ಅವ್ವಾರು ನಕ್ಕರು. “ಗಮನ ಇದೆ ಕಣಪ್ಪ. ನಿನ್ನ ಕಡೆ ಇಲ್ಲ, ಅಷ್ಟೆ. ಬಿಟ್ಟು ಹೋಗು.”

ಅಪ್ಪ ಬಿಟ್ಟು ಹೋದ.

ಆಶ್ರಮಕ್ಕೆ ಬಂದವರು ಮೊದಲು ನಲವತ್ತು ಗಿಡಗಳ ಹೆಸರು ಬಾಯಿಪಾಠ ಮಾಡಬೇಕು. ಜಗಲಿಯ ಮೇಲೆ ಸಾಲಾಗಿ ಕೂತು, ಬೆಳಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು. ದೇವೀರಿಯ ವಾರಿಗೆಯವಳೇ ಬೋರಮ್ಮ ಅಂತ ಇದ್ದಳು. ಅವಳಿಗೆ ಮೂರು ದಿನಕ್ಕೆ ನಲವತ್ತೂ ಬಂದವು. ದೇವೀರಿಗೆ ಒಂದು ತಿಂಗಳಿಗೆ ಒಂಬತ್ತು ಬಂದವು. ಹತ್ತನೆಯದು ಹೇಳುವ ಹೊತ್ತಿಗೆ ಮೊದಲನೆಯದು ಹಾರಿಹೋಗುತ್ತಿತ್ತು.

ಒಂದು ದಿನ ಅವಳು ಅಳುತ್ತಾ ಬಂದು ಅವ್ವಾರ ಮುಂದೆ ನಿಂತಳು.

“ಅವ್ವಾರೇ, ನನ್ನ ಮನಸ್ಸು ಯಾವಾಗ ನಿಲ್ಲುತ್ತೆ?”

“ನಿಂತು ಏನಾಗಬೇಕು ನಿಂಗೆ?”

“ನೀವು ಮುಟ್ಟಿದ್ರೆ ಅಳೋ ಮಗು ಸುಮ್ಮನಾಗುತ್ತೆ. ನಂಗೂ ಹಂಗೆ ಮದ್ದು ಕೊಡೋಕೆ ಬರಬೇಕು. ಬೋರಿ ಅಂತಾಳೆ, ನಿಂಗೆ ಈ ಜನ್ಮದಲ್ಲಿ ಬರಲ್ಲ ಅಂತ.”

ಅವ್ವಾರು ಮೂಲೆಯಲ್ಲಿದ್ದ ಕೊಡ ಎತ್ತಿ ಅವಳ ಕಂಕುಳಿಗೆ ಕೊಟ್ಟರು.

“ಹೊಳೆಗೆ ಇಳಿಯೋಕೆ ನಲವತ್ತು ಮೆಟ್ಟಿಲಿದಾವೆ. ಮೆಟ್ಟಿಲಿಗೊಂದು ಗಿಡ ಹೇಳ್ಕೊಂಡು ಇಳಿ. ಹೇಳ್ಕೊಂಡು ಹತ್ತು. ತಪ್ಪಿದ್ರೆ ಅಲ್ಲೇ ನಿಂತು ನನ್ನ ಕೂಗಿ ಕೇಳು.”

ದೇವೀರಿ ಇಳಿದಳು, ಹತ್ತಿದಳು. ಕೂಗಿದಳು, ಕೇಳಿಸಿಕೊಂಡಳು, ಮತ್ತೆ ಇಳಿದಳು. ಸಂಜೆಯ ಹೊತ್ತಿಗೆ ಹಂಡೆ ತುಂಬಿತ್ತು, ಬಾನಿ ತುಂಬಿತ್ತು, ಗಿಡಗಳಿಗೆಲ್ಲ ನೀರಾಗಿತ್ತು. ನಲವತ್ತು ಹೆಸರೂ ನಾಲಿಗೆಯ ತುದಿಯಲ್ಲಿದ್ದವು.

ಬೋರಮ್ಮನಿಗೆ ಇದು ಸರಿಬರಲಿಲ್ಲ. “ಪಾಠ ಅಂದ್ರೆ ಕೂತು ಕಲಿಯೋದಲ್ವಾ ಅವ್ವಾರೇ?”

“ನಿಂಗೆ ಕೂತ್ರೆ ಬರುತ್ತೆ. ಅವಳಿಗೆ ನಡೆದ್ರೆ ಬರುತ್ತೆ. ನಂಗೆ ನೀರು ಬಂತು,” ಅಂದರು ಅವ್ವಾರು.

ಹೀಗೆ ಕಲಿತು ದೇವೀರಿ ಇಪ್ಪತ್ತು ವರ್ಷದವಳಾದಳು. ಅವ್ವಾರು ಅವಳ ಕೈಯಲ್ಲೂ ಮದ್ದು ಅರೆಸತೊಡಗಿದರು.

ಆಶ್ರಮದಲ್ಲಿ ಮದ್ದು ಅರೆಯುವ ಕಲ್ಲು ಒಂದೇ. ಒಂದು ಮದ್ದು ಅರೆದ ಮೇಲೆ ಕಲ್ಲು ತೊಳೆದೇ ಇನ್ನೊಂದು ಅರೆಯಬೇಕು. ಇದು ಅಲ್ಲಿನ ಕಟ್ಟಳೆ.

ಒಂದು ದಿನ ದೇವೀರಿ ಕೆಮ್ಮಿನ ಮದ್ದಿಗೆ ಮೆಣಸು ಅರೆಯುತ್ತಿದ್ದಳು. ಅಷ್ಟರಲ್ಲಿ ಹರಿಗೋಲು ಹಾಕುವ ಹುಚ್ಚಯ್ಯ ಕಣ್ಣುಜ್ಜಿಕೊಳ್ಳುತ್ತಾ ಬಂದ. ಕಣ್ಣು ಕೆಂಪಗೆ ಊದಿತ್ತು. ಅಯ್ಯೋ ಪಾಪ ಅಂತ ಇವಳು ಓಡಿದಳು, ನಂದಿಬಟ್ಟಲು ಹೂ ಕಿತ್ತು ತಂದಳು, ಅದೇ ಕಲ್ಲಿನಲ್ಲಿ ಅರೆದಳು, ಬಟ್ಟೆಯಲ್ಲಿ ಹಿಂಡಿ ಅವನ ಕಣ್ಣಿಗೆ ಬಿಟ್ಟಳು.

ಕಲ್ಲು ತೊಳೆದಿರಲಿಲ್ಲ.

ಹುಚ್ಚಯ್ಯ ಕೂಗಿಕೊಂಡ ಕೂಗಿಗೆ ಆಚೆ ದಡದ ಕೊಕ್ಕರೆಗಳು ಎದ್ದವು. ಹೋಗಿ ಹೊಳೆಗೇ ಹಾರಿದ. ಅವ್ವಾರು ಓಡಿಬಂದು, ಮೂರು ದಿನ ಹಗಲೂ ರಾತ್ರಿ ಉಪಚಾರ ಮಾಡಿದರು. ಕಣ್ಣು ಉಳಿಯಿತು.

ನಾಲ್ಕನೇ ದಿನ ದೇವೀರಿ ತನ್ನ ಎರಡು ಸೀರೆ ಗಂಟು ಕಟ್ಟಿಕೊಂಡು ಬಂದಳು.

“ನಾನು ಹೋಗ್ತೀನಿ ಅವ್ವಾರೇ. ಈ ಕೈ ಯಾರಿಗೂ ಮದ್ದು ಕೊಡಬಾರದು.”

“ಹೋಗುವಂತೆ. ಅದಕ್ಕೆ ಮುಂಚೆ ಹೇಳು, ನಮ್ಮಲ್ಲಿ ಅರೆಯೋ ಕಲ್ಲು ಎಷ್ಟಿದಾವೆ?”

“ಒಂದು.”

“ಕೆಮ್ಮಿಗೂ ಅದೇ. ಕಣ್ಣಿಗೂ ಅದೇ.”

“ಹೌದು. ಆದ್ರೆ ತೊಳೆಯೋದು ಮರೆತೋಳು ನಾನು.”

“ಮರೆತೋಳು ನೀನೇ, ಇಲ್ಲ ಅನ್ನಲ್ಲ. ಮೊದಲು ಹೋಗಿ ಹುಚ್ಚಯ್ಯನ ಕಾಲು ಹಿಡಿ. ಅಲ್ಲಿಂದ ಹಾಗೇ ಕಲ್ಲುಕುಟಿಗನ ಮನೆಗೆ ಹೋಗಿ ಇನ್ನೊಂದು ಕಲ್ಲು ಮಾಡಿಸ್ಕೊಂಡು ಬಾ.”

ದೇವೀರಿ ಹೋಗಿ ಹುಚ್ಚಯ್ಯನ ಕಾಲಿಗೆ ಬಿದ್ದಳು. ಅವನು ಎಬ್ಬಿಸಿದ. “ಏಳವ್ವ. ನಮ್ಮಪ್ಪ ಸತ್ತಾಗಲೂ ನಾನು ಅಷ್ಟು ಅತ್ತಿರಲಿಲ್ಲ. ಅದೊಂದು ಬಾಕಿ ತೀರಿತು ಬಿಡು,” ಅಂದ.

ಅಲ್ಲಿಂದ ಕಲ್ಲುಕುಟಿಗನ ಮನೆಗೆ ಹೋಗಿ ಹೊಸ ಕಲ್ಲು ಹೊತ್ತು ತಂದಳು.

“ಎಲ್ಲಿ ಇಡ್ತೀಯ?” ಅಂತ ಕೇಳಿದರು ಅವ್ವಾರು.

“ಹಳೇ ಕಲ್ಲಿನ ಪಕ್ಕ.”

“ಪಕ್ಕದಲ್ಲಿಟ್ರೆ ನಾಳೆ ಅದಕ್ಕೂ ಮೆಣಸು ಬೀಳುತ್ತೆ.”

ದೇವೀರಿ ಕಲ್ಲು ಹೊತ್ತುಕೊಂಡೇ ಅಂಗಳದಲ್ಲಿ ಸುತ್ತಿದಳು. ಒಂದು ಸುತ್ತು, ಎರಡು ಸುತ್ತು. ಆಮೇಲೆ ನಂದಿಬಟ್ಟಲು ಗಿಡದ ಬುಡದಲ್ಲಿ ದೊಪ್ಪನೆ ಇಳಿಸಿದಳು.

“ಇಲ್ಲೇ ಇರಲಿ. ಹೂ ಕಿತ್ತ ಕಡೆಯೇ ಅರೆಯೋದು. ಮೆಣಸು ಇಷ್ಟು ದೂರ ಬರಲ್ಲ.”

ಅವ್ವಾರು ಆ ಕಲ್ಲನ್ನೊಮ್ಮೆ ಸವರಿದರು.

“ಮರೆಯದ ಮನಸ್ಸು ಮಾಡಿಕೊಡಿ ಅಂತ ನನ್ನ ಕೇಳಬೇಡ ಮಗಳೇ. ಅದು ನನ್ನ ಹತ್ರ ಇಲ್ಲ. ಮರೆತರೂ ಯಾರ ಕಣ್ಣೂ ಉರಿಯದ ಹಾಗೆ ಮನೆ ಕಟ್ಟಿಕೋ.”

ದೇವೀರಿ ಗಂಟು ಬಿಚ್ಚಿದಳು.

ಮುಂದೆ ಅವಳಿಗೆ ಮದುವೆಯಾಯಿತು. ಹೊಳೆಯಾಚೆಯ ಊರು. ಅಲ್ಲಿಯೂ ಜನ ಅವಳ ಹತ್ತಿರ ಮದ್ದಿಗೆ ಬರುತ್ತಿದ್ದರು. ಮೂರು ಮಕ್ಕಳಾದವು. ಮೂವತ್ತೈದರ ಹೊತ್ತಿಗೆ ಒಂದು ದಿನ ಹರಿಗೋಲು ಹತ್ತಿ, ಮುಖ ಬಾಡಿಸಿಕೊಂಡು ಆಶ್ರಮಕ್ಕೆ ಬಂದಳು.

ಅವ್ವಾರ ಮುಂದೆ ನೆನೆಸಿದ ಅವರೆಕಾಳಿನ ಕುಕ್ಕೆ ಇತ್ತು. ಅವರು ಒಂದೊಂದೇ ಕಾಳು ಹಿದುಕುತ್ತಿದ್ದರು. ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತಿತ್ತು, ಸಿಪ್ಪೆ ಕೈಯಲ್ಲಿ ಉಳಿಯುತ್ತಿತ್ತು.

“ಕೂತ್ಕೋ. ಕೈ ಹಾಕು. ಏನಾಯ್ತು ಹೇಳು.”

“ವಯಸ್ಸಾದ್ರೆ ಹೋಗುತ್ತೆ ಅಂದ್ಕೊಂಡಿದ್ದೆ ಅವ್ವಾರೇ. ಹೋಗಲಿಲ್ಲ. ಆಗ ಕಾಲು ಓಡ್ತಿತ್ತು, ಎಲ್ಲರಿಗೂ ಕಾಣ್ತಿತ್ತು. ಈಗ ಓಟ ಒಳಗೆ ಹೋಗಿದೆ. ಯಾರಿಗೂ ಕಾಣಲ್ಲ. ಒಲೆ ಮೇಲೆ ಹಾಲಿಡ್ತೀನಿ, ಹಾಲು ಕಾಯೋದ್ರೊಳಗೆ ಕಸ ಗುಡಿಸೋಣ ಅಂತೀನಿ, ಗುಡಿಸ್ತಾ ಮಗಳ ಜಡೆ ನೆನಪಾಗುತ್ತೆ. ಸಂಜೆಗೆ ನೋಡಿದ್ರೆ ಅರ್ಧ ಕಸ, ಅರ್ಧ ಜಡೆ. ಹಾಲು ಮಾತ್ರ ಪೂರ್ತಿ, ಒಲೆ ಪಾಲು.”

“ನಿಮ್ಮತ್ತೆ ಏನಂತಾರೆ?”

“ಸೋಂಬೇರಿ ಅಂತಾರೆ. ಬೆಳಗಿಂದ ಬಗ್ಗಿದ ಸೊಂಟ ಎತ್ತಿರಲ್ಲ, ಆದ್ರೂ ಸೋಂಬೇರಿ. ಅಡುಗೆಮನೆ ಬಾಗಿಲಲ್ಲಿ ನಿಂತು ದಿನವಿಡೀ ಅದೇ ಮಂತ್ರ. ಈಗ ನಂಗೂ ಹಾಗೇ ಅನ್ನಿಸ್ತಿದೆ. ಮದ್ದಿಗೆ ಬಂದೋರನ್ನ ತಿಂಗಳಿಂದ ವಾಪಸ್ ಕಳಿಸ್ತಿದ್ದೀನಿ. ಹಾಲು ಕಾಯಿಸೋಕೆ ಬರದೋಳು ಇನ್ನೊಬ್ಬರ ಜೀವ ಏನು ಕಾಯ್ತಾಳೆ?”

ಅವ್ವಾರು ಕಾಳು ಹಿದುಕುತ್ತಲೇ ಇದ್ದರು. ದೇವೀರಿ ಅಳುತ್ತಾ ಹಿದುಕಿದಳು, ಮೂಗು ಒರೆಸಿಕೊಂಡು ಹಿದುಕಿದಳು, ಊರ ಸುದ್ದಿ ಹೇಳುತ್ತಾ ಹಿದುಕಿದಳು.

ಬಿಸಿಲು ಜಗಲಿಯಿಂದ ಇಳಿಯಿತು. ದೇವೀರಿ ಕುಕ್ಕೆಗೆ ಕೈ ಹಾಕಿದರೆ ಬರಿದು.

“ಅಯ್ಯೋ, ಮುಗಿದೇ ಹೋಯ್ತು! ಮನೇಲಿ ಒಂದು ಹಿಡಿ ಹಿದುಕೋದ್ರೊಳಗೆ ಎದ್ದು ಹೋಗಿರ್ತೀನಿ. ಏನು ಮಾಡಿದ್ರಿ ಅವ್ವಾರೇ?”

“ನಾನೇನು ಮಾಡಿದೆ?”

ದೇವೀರಿ ಯೋಚಿಸಿದಳು. “ಏನೂ ಮಾಡಲಿಲ್ಲ. ಪಕ್ಕದಲ್ಲಿ ಕೂತಿದ್ರಿ.”

“ಹಾಗಾದ್ರೆ ಮನೇಲೂ ಯಾರನ್ನಾದ್ರೂ ಪಕ್ಕದಲ್ಲಿ ಕೂರಿಸ್ಕೋ.”

“ಯಾರಿದ್ದಾರೆ? ಗಂಡ ಹೊಲಕ್ಕೆ ಹೋಗ್ತಾರೆ. ಮಕ್ಕಳು ಕೂತ್ರೂ ನನಗಿಂತ ಮೊದಲು ಎದ್ದು ಓಡ್ತಾವೆ.”

“ಯಾಕೆ, ನಿಮ್ಮತ್ತೆ ಹೇಗೂ ಬಾಗಿಲಲ್ಲಿ ನಿಂತಿರ್ತಾರಲ್ಲ. ಪಾಪ, ಕಾಲು ನೋಯುತ್ತೆ. ಒಂದು ಮಣೆ ಹಾಕು.”

ದೇವೀರಿ ಗಾಬರಿಯಿಂದ ನೋಡಿದಳು. ಅವ್ವಾರ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ.

ಮನೆಗೆ ಹೋಗಿ ಮಣೆ ಹಾಕಿದಳು. “ಅತ್ತೆಮ್ಮ, ನೀವು ಪಕ್ಕದಲ್ಲಿ ಕೂತ್ರೆ ನನ್ನ ಕೆಲಸ ಮುಗಿಯುತ್ತೆ. ನೀವು ಬೈತಾ ಇದ್ರೂ ಪರವಾಗಿಲ್ಲ,” ಅಂದಳು.

ಅತ್ತೆ ಮಣೆಯ ಮೇಲೆ ಕೂತಳು. ಮೊದಲ ದಿನ ಬೈದಳು. ಎರಡನೇ ದಿನ ಅರ್ಧ ಬೈದು, ಅರ್ಧ ತನ್ನ ತವರಿನ ಕತೆ ಹೇಳಿದಳು. ತಿಂಗಳು ತುಂಬುವಷ್ಟರಲ್ಲಿ ಹಾಲು ಪಾತ್ರೆಯಲ್ಲೇ ನಿಲ್ಲುತ್ತಿತ್ತು. ಜಗಲಿಗೆ ಬಂದ ರೋಗಿಗಳಿಗೆ ಅತ್ತೆಯೇ ಹೇಳುತ್ತಿದ್ದಳು: “ತಡೀರಿ, ನನ್ನ ಸೊಸೆ ಕೈಯಲ್ಲಿ ಒಂದು ಕೆಲಸ ಇದೆ. ಮುಗಿಸಿ ಬರ್ತಾಳೆ.”

ವರ್ಷಗಳು ಕಳೆದವು. ಅತ್ತೆ ತೀರಿಹೋದಳು, ಗಂಡನೂ ತೀರಿಹೋದ, ಮಕ್ಕಳು ಅವರವರ ಮನೆ ಮಾಡಿಕೊಂಡವು. ಅವ್ವಾರಿಗೆ ಎದ್ದು ಓಡಾಡಲು ಆಗದಷ್ಟು ವಯಸ್ಸಾಯಿತು. ಕೂದಲು ನೆರೆತ ದೇವೀರಿ ಅವರ ಸೇವೆ ಮಾಡಲು ಆಶ್ರಮಕ್ಕೆ ಬಂದಳು. ಬೋರಮ್ಮ ಅಲ್ಲೇ ಉಳಿದಿದ್ದಳು. ಅವಳು ಅಳೆದ ಮದ್ದು ಒಂದು ದಿನವೂ ಹೆಚ್ಚುಕಡಿಮೆ ಆದದ್ದಿಲ್ಲ.

ಅವ್ವಾರು ಕೂರುತ್ತಿದ್ದ ಜಾಗದಲ್ಲಿ ಇನ್ನು ಕೂತು ರೋಗಿಗಳನ್ನು ನೋಡುವವರು ಯಾರು? ಎಲ್ಲರೂ ಬೋರಮ್ಮ ಅಂದರು. ದೇವೀರಿಯೂ ಬೋರಮ್ಮ ಅಂದಳು. ಹಾಗಂದು ಆಚೆಗೆ ಹೋಗಿ ಒಬ್ಬಳೇ ಕಣ್ಣೊರೆಸಿಕೊಂಡಳು.

ಅವ್ವಾರು ಮಾತ್ರ ಇನ್ನೂ ಯಾರ ಹೆಸರೂ ಹೇಳಿರಲಿಲ್ಲ.

ಹಾಗಿರುವಾಗ ಒಂದು ಬೆಳಿಗ್ಗೆ ಕುಂಬಾರರ ಮುದ್ದಯ್ಯ ಬಂದ. ಮೊಣಕಾಲು ಊದಿಕೊಂಡಿತ್ತು. ಅವನಿಗೆ ಹಿಂದಿನ ವಾರ ಕೊಟ್ಟದ್ದು ಬಲವಾದ ಕಷಾಯ. ಅಳತೆ ಮೀರಿದರೆ ಎದೆ ಹಿಡಿಯುವಂಥದ್ದು.

ಬೋರಮ್ಮ ಕೇಳಿದಳು: “ಏಳು ದಿನವೂ ಕುಡಿದೆಯಾ?”

“ಕುಡಿದೆ ಕಣವ್ವ.”

“ಎರಡೂ ಹೊತ್ತು?”

“ಎರಡೂ ಹೊತ್ತು.”

“ಆದ್ರೂ ಊತ ಇಳಿದಿಲ್ಲ. ಹಾಗಾದ್ರೆ ಇಷ್ಟು ಸಾಲದು. ಇವತ್ತಿಂದ ಎರಡರಷ್ಟು ಕುಡಿ.” ಅಳೆಯುವ ಕುಡಿಕೆ ತರಲು ಅವಳು ಒಳಗೆ ಹೋದಳು.

ಸೌದೆ ತರಲು ಹೊರಟಿದ್ದ ದೇವೀರಿ ಇದನ್ನು ಕೇಳಿ ನಿಂತಳು. ಬಂದು ಮುದ್ದಯ್ಯನ ಪಕ್ಕದಲ್ಲಿ ಕೂತಳು.

“ಮುದ್ದಣ್ಣ, ನಾನಾಗಿದ್ರೆ ಎರಡನೇ ದಿನಕ್ಕೇ ಮರೆತುಬಿಡ್ತಿದ್ದೆ. ನೀನು?”

ಮುದ್ದಯ್ಯ ಬಾಗಿಲ ಕಡೆ ನೋಡಿದ. ದನಿ ತಗ್ಗಿಸಿದ. “ಮೊದಲನೇ ದಿನಕ್ಕೇ ಕಣಕ್ಕ.”

“ಹಾಗಾದ್ರೆ ನೀನು ನನಗಿಂತ ಗಟ್ಟಿಗ. ಒಟ್ಟು ಎಷ್ಟು ಸಲ ಕುಡಿದೆ?”

“ಎರಡು ಸಲ. ಮಡಕೆ ಮಾಡೋಕೆ ತಿಗರಿ ಮುಂದೆ ಕೂತ್ರೆ ನಂಗೆ ಲೋಕ ಗೊತ್ತಾಗಲ್ಲ. ಬೋರವ್ವಂಗೆ ಹೇಳಬೇಡ ಮಾರಾಯ್ತಿ, ಬೈತಾರೆ.”

“ಮದ್ದು ಎಲ್ಲಿಟ್ಟಿದ್ದೀಯ?”

“ದೇವರ ಗೂಡಲ್ಲಿ, ಭದ್ರವಾಗಿ.”

“ಅಲ್ಲಿ ದೇವರು ಕುಡೀತಾನೆ. ತಂದು ತಿಗರಿ ಪಕ್ಕ ನೀರಿನ ಬಟ್ಟಲು ಇರುತ್ತಲ್ಲ, ಅದರ ಹತ್ರ ಇಡು. ಕೈ ಅದ್ದೋಕೆ ಹೋದಾಗ ಕೈಗೇ ಸಿಗುತ್ತೆ. ಮೊದಲಿನಷ್ಟೇ ಕುಡಿ. ಹೆಚ್ಚು ಬೇಡ.”

ಬೋರಮ್ಮ ಕುಡಿಕೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಕುಡಿಕೆ ಕೆಳಗಿಟ್ಟಳು. ನೇರ ಅವ್ವಾರ ಹಾಸಿಗೆಯ ಹತ್ತಿರ ಹೋಗಿ ನಡೆದದ್ದನ್ನು ತಾನೇ ಹೇಳಿದಳು.

“ಇಷ್ಟು ವರ್ಷದಲ್ಲಿ ಬೈಗುಳಕ್ಕೆ ಹೆದರಿ ನನ್ನ ಮುಂದೆ ಎಷ್ಟು ಜನ ಸುಳ್ಳು ಹೇಳಿದ್ರೋ ಅವ್ವಾರೇ. ಇವತ್ತು ಅವನ ಜೀವ ಹೋಗ್ತಿತ್ತು.”

ಅವ್ವಾರು ಅವಳ ತಲೆ ನೇವರಿಸಿದರು. “ನಿನ್ನಷ್ಟು ಸರಿಯಾಗಿ ಅಳೆಯೋರು ಈ ಸೀಮೇಲಿಲ್ಲ. ಅಳೆಯೋದು ನೀನೇ ಅಳೆ. ಜನರ ಮುಂದೆ ಅವಳು ಕೂರಲಿ. ಕರಿ ಅವಳನ್ನ.”

ದೇವೀರಿ ಬಂದಳು. ವಿಷಯ ಕೇಳಿ ಎರಡು ಹೆಜ್ಜೆ ಹಿಂದೆ ಸರಿದಳು.

“ನನ್ನಿಂದ ಆಗಲ್ಲ ಅವ್ವಾರೇ. ಇಷ್ಟು ವಯಸ್ಸಾದ್ರೂ ಈ ಮನಸ್ಸು ನಿಂತಿಲ್ಲ. ಇವತ್ತು ಬೆಳಿಗ್ಗೆ ನಿಮಗೆ ಗಂಜಿ ತರ್ತೀನಿ ಅಂತ ಹೋದೋಳು...”

“ಗಂಜಿ ಇನ್ನೂ ಬಂದಿಲ್ಲ,” ಅಂದರು ಅವ್ವಾರು.

ಬೋರಮ್ಮನಿಗೆ ಕಣ್ಣೀರಿನ ನಡುವೆಯೇ ನಗು ಬಂತು. ದೇವೀರಿ ತಲೆ ತಗ್ಗಿಸಿದಳು.

“ಹೊರಗೆ ಜಗಲಿ ಮೇಲೆ ಎಷ್ಟು ಜನ ಕೂತಿದ್ದಾರೆ?” ಅವ್ವಾರು ಕೇಳಿದರು.

ದೇವೀರಿ ಬಗ್ಗಿ ನೋಡಿದಳು. “ಹನ್ನೊಂದು ಮಂದಿ.”

“ಅವರಲ್ಲಿ ಕೊಟ್ಟ ಮದ್ದು ಕುಡಿಯೋಕೆ ಮರೆತೋರು ಎಷ್ಟು ಜನ?”

ಮಾತು ಜಗಲಿಗೂ ಕೇಳಿಸಿತ್ತು. ದೇವೀರಿ ಮತ್ತೆ ನೋಡಿದಳು. ಈ ಸಲ ಒಂದೊಂದೇ ಮುಖ ನೋಡಿದಳು. ಒಬ್ಬ ಕತ್ತು ಕೆರೆದುಕೊಂಡ. ಒಬ್ಬಳು ಸೆರಗು ಸರಿಮಾಡಿಕೊಂಡಳು. ಒಬ್ಬ ಆಕಾಶ ನೋಡಿದ.

ಅವಳ ಮುಖ ಮೆಲ್ಲಗೆ ಅರಳಿತು.

“ಎಲ್ಲರೂ, ಅವ್ವಾರೇ.”

“ಹಾಗಾದ್ರೆ ಹೋಗು ಮಗಳೇ. ಎಲ್ಲ ನಿನ್ನ ಕಡೆಯೋರೇ.”