ಶಹನಾಯಿಗೆ ಮರಳಿದ ಉಸಿರು

ಪೂಜ್ಯ ನೀಲಾಂಬಿಕೆ ತಾಯಿಯವರು ಆಗ ಕಲ್ಲಾಪುರದ ಹೊರಗೆ, ಹಾಳುಬಿದ್ದ ಸುಣ್ಣದ ಭಟ್ಟಿಯ ಪಕ್ಕದ ತಗಡಿನ ಗುಡಿಸಲಿನಲ್ಲಿ ವಾಸವಾಗಿದ್ದು, ಬಂದವರಿಗೆ ಪ್ರಾಣಾಯಾಮ ಕಲಿಸುತ್ತಿದ್ದರು. ಒಂದು ಮುಂಜಾನೆ ಅವರು ಜೋಳ ಕೇರುತ್ತಿದ್ದಾಗ, ಶಹನಾಯಿ ವಾದಕರಾದ ದಸ್ತಗೀರಸಾಬರನ್ನು ಅವರ ಮಡದಿ ಹಾಜರಾಬಿ ಕರೆತಂದರು.

ಮೂರು ತಿಂಗಳ ಹಿಂದೆ ಸಾಬರಿಗೆ ನ್ಯುಮೋನಿಯಾ ಆಗಿತ್ತು. ರೋಗ ಪೂರ್ತಿ ವಾಸಿಯಾಗಿದೆ ಎಂದು ಡಾಕ್ಟರು ಹೇಳಿದ್ದರೂ, ಶಹನಾಯಿ ತುಟಿಗಿಟ್ಟೊಡನೆ ಎದೆ ಬಿಗಿದು ಪ್ರಾಣಭಯ ಮುತ್ತುತ್ತಿತ್ತು. ಮಗಳು ಮುಮ್ತಾಜಳ ನಿಕಾಹಕ್ಕೆ ಉಳಿದದ್ದು ಎರಡೇ ತಿಂಗಳು. ತಾನೇ ಊದುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದ ತಂದೆ, ಸೋತು ಬ್ಯಾಂಡಿನವರಿಗೆ ಹೇಳಿಬಂದಿದ್ದರು.

"ನಿಮ್ಮ ಪ್ರಾಣಾಯಾಮ ನನಗ್ಯಾಕ್ರಿ ಅವ್ವಾರ? ಇಕಿ ಹಟಕ್ಕ ಬಂದೀನಿ," ಎಂದು ಸಾಬರು ಮುಖ ತಿರುಗಿಸಿದರು.

ತಾಯಿಯವರು ಮೊರವನ್ನು ಬದಿಗಿಟ್ಟರು. "ಬ್ಯಾಡ ಬಿಡ್ರಿ. ನಿಮ್ಮ ಅಜ್ಜಾರು ದರ್ಗಾದಾಗ ಜಿಕ್ರ್ ಮಾಡತಿದ್ರಂತ ಕೇಳೀನಿ. ಆಗ ಉಸಿರು ಹೆಂಗ ಬಿಡ್ತಿದ್ರು?"

ಸಾಬರು ತಿರುಗಿ ನೋಡಿದರು. ಅಜ್ಜ ಕಣ್ಮುಚ್ಚಿ ಕುಳಿತು, ದೇವರ ನಾಮವನ್ನು 'ಹೂ...' ಎಂದು ಉದ್ದಕ್ಕೆ ಬಿಡುತ್ತಿದ್ದ ದನಿ ನೆನಪಾಯಿತು. ಮೆಲ್ಲಗೆ ಹಾಗೆಯೇ ಮಾಡಿ ತೋರಿಸಿದರು. ಅರ್ಧಕ್ಕೇ ಕೆಮ್ಮು ಬಂತು.

"ಅದ ಸಾಕು. ಎಳಕೊಳ್ಳಾಕ ಗುದ್ದಾಡಬ್ಯಾಡ್ರಿ. ಪೂರಾ ಬಿಡ್ರಿ, ತಾನ ಬರತೈತಿ."

ಮರುದಿನದಿಂದ ಸಾಬರು ಒಬ್ಬರೇ ನಡೆದು ಬರತೊಡಗಿದರು. ತಾಯಿಯವರು ಓಂಕಾರದಲ್ಲಿ, ಅವರು ಜಿಕ್ರ್‌ನಲ್ಲಿ, ಎದುರುಬದುರು ಕುಳಿತು ಉಸಿರು ಬಿಡುತ್ತಿದ್ದರು. ಮೊದಲ ವಾರ ಭಯದಿಂದ ಎರಡು ಸಲ ಅರ್ಧಕ್ಕೇ ಎದ್ದು ಹೋದರು; ತಾಯಿಯವರು ತಡೆಯಲಿಲ್ಲ. ತಿಂಗಳು ತುಂಬುವಷ್ಟರಲ್ಲಿ ಎದೆಯ ಬಿಗಿತ ಸಡಿಲಿತು. ಒಂದು ದಿನ ತಾವಾಗಿಯೇ ಶಹನಾಯಿ ತಂದು, ಒಂದೇ ಒಂದು ಸ್ವರ ಹಿಡಿದರು. ಅದು ನಡುಗಿತು, ಆದರೆ ತುಂಡಾಗಲಿಲ್ಲ.

ನಿಕಾಹದ ಮುಂಜಾನೆ ಚಪ್ಪರದಲ್ಲಿ ಬ್ಯಾಂಡಿನವರು ಸಜ್ಜಾಗಿದ್ದರು. ಸಾಬರು ಕೈಯೆತ್ತಿ ಅವರನ್ನು ತಡೆದು, ಶಹನಾಯಿ ತುಟಿಗಿಟ್ಟರು. ಸ್ವರ ಎದ್ದಿತು, ಏರಿತು, ಓಣಿಯ ತುಂಬ ಹರಡಿ ನಿಂತಿತು. ಬ್ಯಾಂಡಿನವರೇ ಮೊದಲು "ವಾಹ್!" ಎಂದು ಕೂಗಿದರು. ಮದುಮಗಳು ಮುಸುಕು ಮರೆತು ಒಳಗಿನಿಂದ ಓಡಿಬಂದು ತಂದೆಯ ಹೆಗಲಿಗೊರಗಿದಳು.

ಹೆಂಗಸರ ನಡುವೆ ಚಾಪೆಯ ಮೇಲೆ ಕುಳಿತಿದ್ದ ತಾಯಿಯವರೆದುರು ಸಾಬರು ಬಾಗಿ ನಿಂತರು. "ಅವ್ವಾರ, ಇದು ನಿಮ್ಮ ಕೃಪಾ."

"ನಿಮ್ಮ ಅಜ್ಜಾರದು. ನೀವೊಬ್ಬರ ಇಟಗೋಬ್ಯಾಡ್ರಿ, ನಾಕು ಮಂದಿಗೆ ಹಂಚ್ರಿ," ಎಂದು ತಾಯಿಯವರು ನಕ್ಕರು.

ಅಂದಿನಿಂದ ಸಾಬರ ಮನೆಯ ಕಟ್ಟೆ ಬೆಳಗಾದರೆ ತುಂಬುತ್ತಿತ್ತು. ಹತ್ತಿಯ ಧೂಳಿಗೆ ಎದೆ ಸೋತ ಪಿಂಜಾರರು, ಹೆರಿಗೆಯ ನಂತರ ನಿದ್ದೆ ಕಳೆದುಕೊಂಡ ಪಕ್ಕದ ಮನೆಯ ಸೊಸೆ, ಚರ್ಚಿನ ಮುದಿ ಮೇಷ್ಟ್ರು, ಎಲ್ಲರೂ ತಮ್ಮ ತಮ್ಮ ದೇವರ ಹೆಸರಿನಲ್ಲಿ ಒಟ್ಟಿಗೆ ಉಸಿರು ಬಿಡುತ್ತಿದ್ದರು. ನಡುವೆ ಕುಳಿತ ದಸ್ತಗೀರಸಾಬರ ಉಸಿರೇ ಎಲ್ಲರದಕ್ಕಿಂತ ಉದ್ದವಾಗಿರುತ್ತಿತ್ತಂತೆ.