ಬೇರಿಂಗಿಗೆ ಅಂಟು ಹಚ್ಚಿದವನು

ಹೊಳೆದಂಡೆಯ ಆಶ್ರಮದ ಗುರುಗಳು ಅಡವಯ್ಯಜ್ಜ. ಗುಡ್ಡದ ಮೇಲಿನ ಹಟ್ಟಿಗಳಿಗೆ ಔಷಧ ಮುಟ್ಟಿಸುವುದು ಅವರ ನೇಮ. ಆ ಕಲ್ಲುದಾರಿಗೆಂದೇ ಭಕ್ತರೊಬ್ಬರು ಮೌಂಟನ್ ಬೈಕ್ ಕೊಟ್ಟಿದ್ದರು. ಕಲ್ಲು ಸಿಕ್ಕಾಗ ಅದರ ಹಿಂದಿನ ಗಾಲಿ ಮೇಲೆ ಕೆಳಗೆ ಆಡುತ್ತದೆ. ಹಾಗೆ ಆಡಲೆಂದು ಫ್ರೇಮಿನ ಕೀಲುಗಳಲ್ಲಿ ಬೇರಿಂಗ್ ಕೂರಿಸಿರುತ್ತಾರೆ.

ಮೊದಲು ಆ ಸೈಕಲ್ಲು ಶಿಷ್ಯ ಕರಿಸಿದ್ದನ ಕೈಯಲ್ಲಿತ್ತು. ಹೋದ ವರ್ಷ ಅಜ್ಜ ಅದನ್ನು ಇನ್ನೊಬ್ಬ ಶಿಷ್ಯ ಚೆನ್ನವೀರನಿಗೆ ಕೊಡಿಸಿದರು. ಕರಿಸಿದ್ದ ಹೊಸ ಬೇರಿಂಗ್ ಹಾಕಿ, ಒರೆಸಿ, ನಗುತ್ತ ಒಪ್ಪಿಸಿದ.

ಆ ನಗುವೇ ಚೆನ್ನವೀರನಿಗೆ ಸರಿಬರಲಿಲ್ಲ. ಕೈಯಲ್ಲಿದ್ದದ್ದನ್ನು ಬಿಟ್ಟುಕೊಡುವಾಗ ಯಾರಾದರೂ ನಗುತ್ತಾರೆಯೇ? ಅವತ್ತು ಕರಿಸಿದ್ದನ ಬೆರಳಿಗೆ ಹಸಿರು ಬಣ್ಣ ಅಂಟಿತ್ತು. ಅದನ್ನೂ ನೋಡಿ ಮನಸ್ಸಿನಲ್ಲಿಟ್ಟುಕೊಂಡ.

ಈಗ ಒಂದು ಬೇರಿಂಗ್ ಕರಕರ ಎನ್ನತೊಡಗಿತ್ತು. ಚೆನ್ನವೀರ ಫ್ರೇಮನ್ನು ಆಶ್ರಮದಂಗಳದ ಬೇವಿನ ಕಟ್ಟೆಯ ಮೇಲಿಟ್ಟು, ಬೇರಿಂಗಿನ ಹಿಂದೆ ಬೋಲ್ಟು ಆನಿಸಿ, ಸುತ್ತಿಗೆಯಿಂದ ಹೊಡೆದ. ಹೊಡೆದೇ ಹೊಡೆದ. ಜಪ್ಪಯ್ಯ ಅಂದರೂ ಅದು ಅಲ್ಲಾಡಲಿಲ್ಲ. ಬಗ್ಗಿ ನೋಡಿದರೆ ಅಂಚಿನಲ್ಲಿ ತೆಳ್ಳಗೆ ಒಂದು ಹಸಿರು ಗೆರೆ, ಒಣಗಿದ ಅಂಟಿನ ಹಾಗೆ.

ಅಷ್ಟರಲ್ಲಿ ಕರಿಸಿದ್ದ ಮಜ್ಜಿಗೆ ತಂದ. "ಬಿಸಲಾಗ ಕುಂತೀಯಲ್ಲೋ, ಕುಡಿ. ಫ್ರೇಮ್ ನಾ ಹಿಡೀಲೇನು?"

"ಬ್ಯಾಡ."

ಮಜ್ಜಿಗೆಯನ್ನೂ ಮುಟ್ಟಲಿಲ್ಲ. ಇಷ್ಟು ಉಪಚಾರ ಯಾಕೆ? ತಪ್ಪು ಮಾಡಿದವನೇ ಹೀಗೆ ಸುತ್ತಮುತ್ತ ಸುಳಿದಾಡುವುದು ಎಂದುಕೊಂಡ. ಲೋಟಕ್ಕೆ ಇರುವೆ ಮುತ್ತಿದವು. ಚೆನ್ನವೀರ ಎದ್ದು ನೇರ ಗುರುಗಳ ಬಳಿ ಹೋದ.

"ಅಜ್ಜಾರ, ಬೇರಿಂಗ್ ಬರವಲ್ದ್ರಿ. ಕರಿಸಿದ್ದ ಅಂಟು ಹಚ್ಯಾನ."

"ಹಚ್ಚಿದ್ದು ನೋಡಿಯೇನು?"

"ಅವನ ಬೆರಳಿಗೆ ಹಸರು ಬಣ್ಣ ನೋಡೀನ್ರಿ. ಬೇರಿಂಗಿಗೂ ಅದ ಬಣ್ಣ ಐತಿ."

"ಯಾಕ ಹಚ್ಯಾನು?"

"ಹೊಟ್ಟಿಕಿಚ್ಚು ರೀ. ಸೈಕಲ್ಲು ನನಗ ಬಂತಲ್ಲ. ನಾ ಅದನ್ನ ಕೆಡಿಸಿ ನಿಮ್ಮ ಮುಂದ ಸಣ್ಣಾಂವ ಆಗಲಿ ಅಂತ."

"ಹಂಗಾದ್ರ ಹಚ್ಚಿದಾಂವಗ ಏನ್ ಮಾಡೂಣು?"

"ಅಂಥಾವರಿಗೆ ಇಲ್ಲಿ ಜಾಗಾ ಇರಬಾರದ್ರಿ. ಹೊರಗ ಕಳಸ್ರಿ."

"ಯಾರ ಇದ್ರೂ?"

"ಯಾರ ಇದ್ರೂ."

"ಆತು. ಮೊದಲ ಬೇರಿಂಗ್ ತಗಿ. ಅಂಟು ಕಣ್ಣಿಗೆ ಕಂಡ್ರ ಸಂಜಿಗೆ ಕಳಿಸೇ ಬಿಡೂಣು."

ಚೆನ್ನವೀರನ ಸುತ್ತಿಗೆಗೆ ಎರಡರಷ್ಟು ಬಲ ಬಂತು. ಫ್ರೇಮಿನ ಬಣ್ಣ ಕಿತ್ತು ಬಂತು, ಬೇರಿಂಗ್ ಬರಲಿಲ್ಲ.

ಅಜ್ಜ ಬಂದರು. ಕೈಯಲ್ಲಿ ಕಾವಿಬಟ್ಟೆಯ ಇಸ್ತ್ರಿ ಪೆಟ್ಟಿಗೆ, ಅದರ ತುಂಬ ಒಲೆಯ ಕೆಂಡ.

"ಒಂದ ಕಡೆ ಹೊಡ್ಯಾಕತ್ತಿ. ಸೊಟ್ಟ ಆಗಿ ಮತ್ತಷ್ಟು ಬಿಗಿ ಹಿಡಿತೈತಿ. ಬಿಸಿ ತಾಗಿದ್ರ ಬಿಡ್ತೈತಿ," ಎಂದು ಪೆಟ್ಟಿಗೆಯನ್ನು ಕೀಲಿಗೆ ಒತ್ತಿ ಹಿಡಿದು ಕುಳಿತರು. ಕುಳಿತೇ ಇದ್ದರು.

ಅತ್ತ ಕರಿಸಿದ್ದ ಕೊಡ ಹಿಡಿದು ಹಿತ್ತಲಿಂದ ಹೊಳೆಯ ಕಡೆ ಹೊರಟಿದ್ದ. ಅವನು ಪಾರಾಗಲೆಂದೇ ಅಜ್ಜ ಹೊತ್ತು ಕಳೆಯುತ್ತಿದ್ದಾರೋ ಏನೋ! ಗುರುಗಳ ಮೇಲೂ ಅನುಮಾನ ಬಂದದ್ದಕ್ಕೆ ಚೆನ್ನವೀರನಿಗೆ ನಾಚಿಕೆಯಾಯಿತು. ಆದರೂ ಅನುಮಾನ ಹೋಗಲಿಲ್ಲ.

"ಈಗ ಹೊಡಿ. ಇಲ್ಲಿ ಸ್ವಲ್ಪ, ಎದುರಿಗೆ ಸ್ವಲ್ಪ. ಮೆಲ್ಲಕ."

ಮೆಲ್ಲಗೆ ಹೊಡೆದ. ಬೇರಿಂಗ್ ಕೂದಲಿನಷ್ಟು ಸರಿಯಿತು, ಮತ್ತಷ್ಟು ಸರಿಯಿತು, ಕೊನೆಗೆ ಮಣ್ಣಿಗೆ ಬಿತ್ತು. ಅದರ ಸುತ್ತ ಹಸಿರು ಹೆಕ್ಕಳ ಕಟ್ಟಿತ್ತು.

"ನೋಡ್ರಿ ಅಜ್ಜಾರ! ಅಂಟು! ನಾ ಹೇಳಿದ್ದಿಲ್ಲೇನ್ರಿ?" ಹಬ್ಬದೂಟ ಸಿಕ್ಕವನ ಹಾಗೆ ಚೆನ್ನವೀರನ ಮುಖ ಅರಳಿತು.

"ಅಂಟು ಖರೇ. ಅದನ್ನ ಕೆರೆದು ತಗಿ. ತಣ್ಣಗಾದ ಮ್ಯಾಲ ಹೊಸಾ ಬೇರಿಂಗ್ ಇಡು."

ಹೊಸದನ್ನು ಇಟ್ಟ. ಹೊಡೆಯುವುದೇ ಬೇಕಾಗಲಿಲ್ಲ, ಬೆರಳು ತಾಗಿದ್ದೇ ಒಳಗೆ ಹೋಯಿತು. ಫ್ರೇಮ್ ಹೊರಳಿಸಿದರೆ ತಾನಾಗಿ ಹೊರಗೆ ಬಿತ್ತು.

"ಸಡ್ಲ ಐತ್ರಿ."

"ಹಿಂಗ ಹಾಕ್ಕೊಂಡು ಗುಡ್ಡ ಇಳಿದಿದ್ರ?"

ಚೆನ್ನವೀರನಿಗೆ ಗುಡ್ಡದ ಇಳಿಜಾರು ನೆನಪಾಯಿತು. ಎಡಕ್ಕೆ ಕೊರಕಲು. ಅಲ್ಲಿ ಅವನು ಬ್ರೇಕು ಹಿಡಿಯುತ್ತಿದ್ದುದೇ ಅಪರೂಪ.

"ಬೇರಿಂಗ್ ಕುಂಡ್ರೂ ತೂತು ಸವದದ್ದು ಕಂಡಾಂವ ಕರಿಸಿದ್ದ," ಅಂದರು ಅಜ್ಜ. "ನೀ ಬಿದ್ದೀ ಅಂತ ಅಂಜಿ ನನ್ನ ಕಡೆ ಓಡಿ ಬಂದ. ಪ್ಯಾಟಿಗೆ ಕಳಿಸಿ ಅಂಟು ತರಿಸಿದೆ. ಅಂವ ಶೀಶೆ ಹಿಡಕೊಂಡಿದ್ದ. ಹಚ್ಚಿದಾಂವ ನಾನು."

ಕಟ್ಟೆಯ ಮೇಲೆ ಮಜ್ಜಿಗೆ ಲೋಟ ಹಾಗೇ ಇತ್ತು. ಅದನ್ನು ನೋಡಲಾರದೆ ಚೆನ್ನವೀರ ತಲೆ ತಗ್ಗಿಸಿದ.

"ಆಗಲೇ ಹೇಳಬಹುದಿತ್ತಲ್ರಿ, ಅಜ್ಜಾರ?"

"ಯಾರು ಹಚ್ಚಿದ್ರು ಅಂತ ನೀ ಎಲ್ಲಿ ಕೇಳಿದಿ? ನನಗ ನೀನ ಹೇಳಿದಿ."

ಅಜ್ಜ ಕೆಂಡವನ್ನು ಮಣ್ಣಿಗೆ ಸುರಿದರು. ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡರು. ಊರುಗೋಲು ಹಿಡಿದು ನಡೆದು, ಆಶ್ರಮದಿಂದ ಹೊರಗೆ ಹೋಗುವ ಬಾಗಿಲ ಮುಂದೆ ನಿಂತರು.

ಚೆನ್ನವೀರ ಓಡಿಹೋಗಿ ಅವರ ಕಾಲು ಹಿಡಿದ. "ಎಲ್ಲಿಗ್ರಿ, ಅಜ್ಜಾರ?"

"'ಯಾರ ಇದ್ರೂ' ಅಂತ ನೀನ ಅಂದಿಯಲ್ಲಪಾ. ಸಂಜಿ ಆತು, ಅಗಳಿ ತಗಿ."