ತಡವಾದ ಈರುಳ್ಳಿ ಸೂಪು

"ಬುದ್ಧೀ, ದೇವರು ಸಿಗದಿದ್ದರೆ ಹೋಗಲಿ, ಈ ಹಂಬಲವನ್ನಾದರೂ ನನ್ನಿಂದ ಕಿತ್ತುಹಾಕುವುದು ಹೇಗೆ?" ಎಂದು ಶಿಷ್ಯ ಮರುಳಯ್ಯ ಕೇಳಿದ. ಇದನ್ನು ಹೊತ್ತುಕೊಂಡು ಸಾಕಾಗಿ, ಮಠ ಬಿಟ್ಟುಹೋಗಲು ಅವನು ಬಟ್ಟೆಯ ಗಂಟನ್ನೂ ಕಟ್ಟಿಯಾಗಿತ್ತು. ಗುರುಗಳು ಕೂರಿಸಿಕೊಂಡು ಕತೆ ಹೇಳಿದರು.

ಚಿನ್ನದ ಗಣಿಯ ಊರಿನಲ್ಲಿ ಒಬ್ಬ ಇಂಗ್ಲಿಷ್ ದೊರೆಯಿದ್ದ. ಅವನ ಹೆಂಡತಿ ತೀರಿಕೊಂಡಳು. ಅಂದಿನಿಂದ ದೊರೆಗೆ ಊಟ ಸೇರದು; ತಟ್ಟೆ ಹೋದ ಹಾಗೆ ವಾಪಸು ಬರುತ್ತಿತ್ತು. ಹೀಗೇ ಆದರೆ ಮನುಷ್ಯ ಉಳಿಯುವುದಿಲ್ಲವೆಂದು ಅಡುಗೆ ಮಾಡುವ ಬಟ್ಲರನಿಗೆ ದಿಗಿಲು ಹತ್ತಿತು. ದೊರೆಯೆಂದರೆ ಅವನಿಗೆ ಪ್ರಾಣ.

ಏನು ಮಾಡಿಕೊಡಲೆಂದು ಕೇಳಿದ. ದೊರೆಸಾನಿ ಚಳಿಗೆ ಮಾಡುತ್ತಿದ್ದ ಈರುಳ್ಳಿ ಸೂಪು ಬೇಕೆಂದ ದೊರೆ. ಈರುಳ್ಳಿಯನ್ನು ಬೆಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಕೆಂಪಗೆ ಬಾಡಿಸಿ, ಅವರ ಸೀಮೆಯ ಬಿಯರು ಹೊಯ್ದು ಕುದಿಸಿ, ಮೇಲೆ ಚೀಸು ತುರಿದು ಹಾಕುತ್ತಾರೆ. ಮೂಗು ಮುರಿಯಬೇಡ ಮರುಳಯ್ಯ, ನಿನಗೇನೂ ಬಡಿಸುತ್ತಿಲ್ಲ.

ಬಟ್ಲರ ಹಾಗೆಯೇ ಮಾಡಿದ. ದೊರೆ ಒಂದು ಚಮಚ ಕುಡಿದು, ಇದಲ್ಲವೆಂದು ಬಟ್ಟಲು ಸರಿಸಿದ. ಬೇರೆ ಬಿಯರು ಬಂತು, ಚೆನ್ನಾಗಿ ಹಳತಾದ ಚೀಸು ಬಂತು. ಆಗಲೂ ಅದೇ ಮಾತು. ಪಾಪ, ಅವನ ಕೈಯಲ್ಲಿ ದೋಷವಿರಲಿಲ್ಲ. ಆ ಬಂಗಲೆಗಳಲ್ಲಿ ಅಡುಗೆಮನೆ ಹಿತ್ತಲಲ್ಲಿ ಬೇರೆಯಾಗಿಯೇ ಇರುತ್ತಿತ್ತು; ಒಲೆಯ ಮೇಲಿನ ವಾಸನೆ ಮನೆಯೊಳಗೆ ಬಾರದು. ದೊರೆ ಕುರ್ಚಿ ಎಳೆಯುವಷ್ಟರಲ್ಲಿ ಊಟ ಮುಂದಿರಬೇಕು. ದೊರೆಯನ್ನು ಕಾಯಿಸಿದರೆ ಬಟ್ಲರನಿಗೆ ಅವಮಾನ. ಅದಕ್ಕೇ ಅವನು ಮಧ್ಯಾಹ್ನವೇ ಸೂಪು ಮಾಡಿಟ್ಟು, ಸಂಜೆ ಬಿಸಿಮಾಡಿ ಒಯ್ಯುತ್ತಿದ್ದ.

ಒಂದು ದಿನ ಹಸಿ ಸೌದೆ ಬಂದು ಒಲೆ ಬೇಗ ಹತ್ತಲಿಲ್ಲ. ಸಂಜೆಯಾದರೂ ಈರುಳ್ಳಿ ಕೆಂಪಾಗಿರಲಿಲ್ಲ. ದೊರೆ ಕಾದು ಕಾದು ಎದ್ದ, ಹಿತ್ತಲು ದಾಟಿ ಅಡುಗೆಮನೆಯ ಬಾಗಿಲಿಗೇ ಬಂದ. ಬಟ್ಲರ ಊದುಗೊಳವೆ ಬಿಟ್ಟು ಎದ್ದು ನಿಂತ.

"ಆಯಿತೇ?"

"ಇನ್ನೂ ಇಲ್ಲ, ದೊರೆ."

ಅವಳೂ ನನ್ನನ್ನು ಹೀಗೇ ಕಾಯಿಸುತ್ತಿದ್ದಳು ಎಂದು ದೊರೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ಬಾಡುವ ಈರುಳ್ಳಿಯ ವಾಸನೆಗೆ ಹೆಂಡತಿಯ ನೆನಪು ಒತ್ತರಿಸಿ ಬಂತು. ಅತ್ತ, ಕಣ್ಣೊರೆಸಿಕೊಂಡ, ಮತ್ತೆ ಕಾದ. ಕೊನೆಗೆ ಬಟ್ಟಲು ಕೈಗೆ ಬಂದಾಗ ಕುಡಿದು, ಬ್ರೆಡ್ಡಿನ ಚೂರಿನಿಂದ ತಳವನ್ನೂ ಒರೆಸಿ ತಿಂದು, ಇನ್ನಷ್ಟು ಬೇಕೆಂದ. ಹಿಂದಿನ ದಿನ ಸರಿಸಿದ ಬಿಯರೇ, ಅದೇ ಚೀಸೇ.

ಮರುಳಯ್ಯನಿಗೆ ಸಮಾಧಾನವಾಗಲಿಲ್ಲ. ಕತೆ ಇರಲಿ, ತನ್ನ ಹಂಬಲವನ್ನು ಯಾವಾಗ ಕೀಳುತ್ತೀರೆಂದು ಹಟ ಹಿಡಿದ.

"ಈಗಲೇ ಕಿತ್ತುಬಿಡೋಣ, ಆದರೆ ನಾಳೆ ದೇವರು ಬಂದರೆ ನಿನಗೆ ಹಸಿವೇ ಇರುವುದಿಲ್ಲವಲ್ಲಪ್ಪ" ಎಂದರು ಗುರುಗಳು.